ಬೊಟ್ಟಿನ ಹಿಂದಿನ ಕಣ್ಣು

ನಾನು ಒಂದು ವೆಬ್‌ಕ್ಯಾಮೆರಾ. ಕಂಪ್ಯೂಟರಿನ ತಲೆಯ ಮೇಲೆ ಕ್ಲಿಪ್ಪು ಸಿಕ್ಕಿಸಿ ಕೂರಿಸುತ್ತಾರಲ್ಲ, ಅದೇ. ಹುಣಸೆ ಬೀಜಕ್ಕಿಂತ ತುಸು ದೊಡ್ಡ ಕಣ್ಣು, ಪಕ್ಕದಲ್ಲಿ ಹಸಿರು ದೀಪ, ಕೆಳಗೆ ಸೂಜಿ ಚುಚ್ಚಿದಂಥ ತೂತು, ಹಿಂದೆ ಉದ್ದನೆಯ ಬಾಲ. ಆ ತೂತೇ ನನ್ನ ಕಿವಿ.

ಹುಟ್ಟಿದ ದೇಶದ ಹೆಸರು ನನಗೆ ಗೊತ್ತಿಲ್ಲ. ಉದ್ದನೆಯ ಮೇಜು, ಬಿಳಿ ಕೈಗವಸು, ತಣ್ಣನೆಯ ಬೆಳಕು ಇಷ್ಟು ನೆನಪಿದೆ. ಒಬ್ಬ ಹುಡುಗಿ ನನ್ನ ಬಾಲವನ್ನು ಸಿಕ್ಕಿಸಿ, ದೀಪ ಹತ್ತಿತೇ ಎಂದು ನೋಡಿ, ನನ್ನೆದುರು ಒಮ್ಮೆ ಕಣ್ಣು ಮಿಟುಕಿಸಿ ಡಬ್ಬಿಗೆ ಹಾಕಿದಳು. ನಾನು ಕಂಡ ಮೊದಲ ಮುಖ ಅವಳದು.

ನನ್ನದು ವಿಚಿತ್ರವಾದ ಉದ್ಯೋಗ. ಪರದೆಗೆ ಬೆನ್ನು ಹಾಕಿ ಕೂರುತ್ತೇನೆ. ಪರದೆಯ ಮೇಲೆ ಏನಿದೆಯೆಂದು ಒಂದು ದಿನವೂ ನೋಡಿದವನಲ್ಲ. ಅದನ್ನು ಓದುವವರ ಮುಖವನ್ನಷ್ಟೇ ನೋಡಿದ್ದೇನೆ. ಮುಖ ಅರಳಿದರೆ ಒಳ್ಳೆಯ ಸುದ್ದಿ, ಬಾಡಿದರೆ ಕೆಟ್ಟದ್ದು. ಇನ್ನೊಂದು ಮಾತು. ನೋಡಿದ್ದನ್ನು ಇಟ್ಟುಕೊಳ್ಳಲು ನನ್ನೊಳಗೆ ಜಾಗವಿಲ್ಲ. ಕಂಡದ್ದನ್ನು ಬಾಲದ ಮೂಲಕ ಆಚೆಗೆ ಕಳಿಸಿಬಿಡುತ್ತೇನೆ. ಅದನ್ನು ಯಾರು ಇಟ್ಟುಕೊಂಡರು, ಏನು ಮಾಡಿದರು ಎಂಬುದು ನನ್ನ ಕೈಯಲ್ಲಿ ಇರಲಿಲ್ಲ.

ನನ್ನ ಮೊದಲ ಯಜಮಾನ ಸದಾನಂದ. ಅರಸೀಕೆರೆ ರೈಲ್ವೆ ಸ್ಟೇಷನ್ ಎದುರು ಅವನ ಇಂಟರ್ನೆಟ್ ಅಂಗಡಿ. ಪರೀಕ್ಷೆಗೆ ಅರ್ಜಿ ಹಾಕುವವರು, ದುಬೈಯಲ್ಲಿರುವ ಗಂಡನ ಜೊತೆ ಮಾತಾಡುವವರು, ಪಿಂಚಣಿಗೆ ಫೋಟೋ ತೆಗೆಸುವ ಮುದುಕರು ಎಲ್ಲರೂ ನನ್ನ ಮುಂದೆ ಕೂತು ತಲೆಗೂದಲು ಸರಿ ಮಾಡಿಕೊಳ್ಳುತ್ತಿದ್ದರು. ಸದಾನಂದ ಕೆಟ್ಟವನಲ್ಲ, ಉದಾಸೀನದವನು. ಎಲ್ಲರ ಗುರುತಿನ ಚೀಟಿಯ ಜೆರಾಕ್ಸ್ ಒಂದೊಂದು ಹೆಚ್ಚಿಗೆ ತೆಗೆದು ಮೂಲೆಗೆ ಎಸೆಯುತ್ತಿದ್ದ. ರಾಶಿ ಬೆಳೆದಾಗ ಹಳೇ ಪೇಪರಿನವನಿಗೆ ಹಾಕುತ್ತಿದ್ದ.

ಒಂದು ಸಂಜೆ ರೈಲ್ವೆ ಆಸ್ಪತ್ರೆಯ ನರ್ಸ್ ವನಮಾಲ ಅಂಗಡಿಯೊಳಕ್ಕೆ ಬಂದರು. ಊರಿನವರೆಲ್ಲ ಅವರನ್ನು ಕರೆಯುತ್ತಿದ್ದುದು ಸಿಸ್ಟರ್ ಎಂದೇ. ಅಗಲ ಹಣೆ, ದಪ್ಪ ಕನ್ನಡಕ, ಎತ್ತರದ ದನಿ. ಕೈಯಲ್ಲಿ ಎಣ್ಣೆ ಹತ್ತಿದ ಕಾಗದ.

"ಸದಾನಂದ, ಇದೇನಪ್ಪ ಇದು?"

"ಬೋಂಡ ಕಟ್ಟಿದ ಪೇಪರು ಸಿಸ್ಟರ್."

"ಬೋಂಡ ತಿಂದಾಯ್ತು. ಪೇಪರ್ ಓದು."

ಓದಿದ. ಯಾವುದೋ ಹುಡುಗಿಯ ಕಾರ್ಡಿನ ಜೆರಾಕ್ಸ್. ಫೋಟೋ, ಹುಟ್ಟಿದ ತಾರೀಕು, ಮನೆ ವಿಳಾಸ, ಕೆಳಗೆ ಅವನದೇ ಕೈಬರಹದಲ್ಲಿ ಅವಳ ಮೊಬೈಲ್ ನಂಬರು.

"ಈ ಮಗುಗೆ ಯಾರೋ ಪೋಲಿಗಳು ಫೋನ್ ಮಾಡಿ ಪೀಡಿಸ್ತಾರಂತೆ. ನಂಬರ್ ಎಲ್ಲಿಂದ ಸಿಕ್ಕಿತು ಅಂತ ಅವಳಪ್ಪ ಅವಳನ್ನೇ ಹೊಡೆದಿದಾನೆ. ನಾನು ಗಾಯಕ್ಕೆ ಔಷಧ ಹಚ್ಚಿದೀನಿ, ಅದಕ್ಕೆ ಮುಖ ಗುರುತು ಸಿಕ್ತು," ಎಂದರು.

ಸದಾನಂದನ ಮುಖ ನನ್ನೆದುರೇ ಇತ್ತು. ಬಣ್ಣ ಇಳಿದುಹೋಯಿತು. ಅವತ್ತೇ ಹುಡುಗಿಯ ಮನೆಗೆ ಹೋಗಿ ಅಪ್ಪನಿಗೆ ತಪ್ಪು ತನ್ನದೆಂದು ಹೇಳಿ ಬಂದನಂತೆ. ಆಮೇಲೆ ಆ ಅಂಗಡಿಯಲ್ಲಿ ಹೆಚ್ಚಿನ ಜೆರಾಕ್ಸ್ ತೆಗೆದಿದ್ದನ್ನು ನಾನು ಕೇಳಲಿಲ್ಲ.

ಕೊರೊನಾ ಬಂತು, ಅಂಗಡಿ ಮುಚ್ಚಿತು. ವನಮಾಲ ಸಿಸ್ಟರ್ ಆಗಷ್ಟೇ ನಿವೃತ್ತರಾಗಿದ್ದರು. ಕಂಪ್ಯೂಟರನ್ನೂ ನನ್ನನ್ನೂ ಕೊಂಡು, ಆಟೋದಲ್ಲಿಟ್ಟು ಅವರೇ ಮನೆಗೆ ತಂದರು. ಅಡುಗೆಮನೆಗೆ ಹೊಂದಿಕೊಂಡ ಹಜಾರದಲ್ಲಿ, ಕಿಟಕಿಯ ಪಕ್ಕ, ನನ್ನ ಎರಡನೇ ಸಂಸಾರ ಶುರುವಾಯಿತು. ಮೊದಲ ದಿನವೇ ಅವರು ತಮ್ಮ ಡಬ್ಬಿಯಿಂದ ಒಂದು ಮರೂನ್ ಸ್ಟಿಕ್ಕರ್ ಬೊಟ್ಟು ತೆಗೆದು ನನ್ನ ಕಣ್ಣಿಗೆ ಅಂಟಿಸಿದರು.

"ಬೇಕಾದಾಗ ತೆಗೀತೀನಿ. ಅಲ್ಲಿತನಕ ನೀನು ಸುಮ್ನಿರು," ಎಂದರು ನನಗೆ. ಒಂಟಿಯಾಗಿದ್ದವರು, ಕುಕ್ಕರಿನೊಂದಿಗೂ ಮಾತಾಡುತ್ತಿದ್ದರು.

ಹೀಗಾಗಿ ಆ ಮನೆಯಲ್ಲಿ ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಸಿಸ್ಟರಿಗೆ ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ಅಭ್ಯಾಸ ಇದ್ದದ್ದು ನನ್ನ ಪುಣ್ಯ.

ಓದಲು ಬೇಕಾದಷ್ಟಿತ್ತು. ಅವರು ಕಂಪ್ಯೂಟರ್ ಟೀಚರ್ ಫರ್ಹಾನಾಳ ಜೊತೆ ಸೇರಿ 'ಹಿತ್ತಲಕಟ್ಟೆ' ಎಂಬ ವೆಬ್‌ಸೈಟ್ ಶುರು ಮಾಡಿದ್ದರು. ಹೆಂಗಸರು ಅಲ್ಲಿ ಬಂದು, ಡಾಕ್ಟರ ಮುಂದೆಯೂ ಬಾಯಿ ಬಿಡದ ಸಂಗತಿಗಳನ್ನು ಬರೆಯುತ್ತಿದ್ದರು. ಮುಟ್ಟು, ಬಸಿರು, ಗರ್ಭಪಾತ, ಗಂಡ ಹೊಡೆದ ಗಾಯ, ಮುಟ್ಟು ನಿಲ್ಲುವ ಕಾಲದ ಸಂಕಟ. ನಿಜವಾದ ಹೆಸರು ಯಾರದೂ ಇಲ್ಲ. ದಾಸವಾಳ, ಕರಿಮಣಿ, ಹೊಂಗೆ, ಹೀಗೆ ತಮಗೆ ತಾವೇ ಇಟ್ಟುಕೊಂಡ ಹೆಸರುಗಳು. ಸಿಸ್ಟರ್ ಒಂದೊಂದಕ್ಕೂ ಉತ್ತರ ಬರೆಯುತ್ತಿದ್ದರು. ಕೀಲಿಗಳನ್ನು ಒಂದೇ ಬೆರಳಿನಲ್ಲಿ ಕುಟ್ಟುವುದು ಬೆಳ್ಳುಳ್ಳಿ ಜಜ್ಜಿದಂತೆ ಕೇಳಿಸುತ್ತಿತ್ತು.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಬಸ್ ಕಂಡಕ್ಟರ್ ರೇವಣ್ಣ ಬಾಗಿಲಿಗೆ ಬಂದು ನಿಂತ.

"ಸಿಸ್ಟರ್, ನಿಮ್ಮ ಮೇಲೆ ನನಗೆ ಗೌರವ ಇದೆ. ಆದ್ರೆ ಇವತ್ತು ಜಗಳಕ್ಕೇ ಬಂದಿದೀನಿ."

"ಒಳಗೆ ಬಂದು ಕೂತ್ಕೊಂಡು ಜಗಳ ಆಡಿ ರೇವಣ್ಣ."

ಅವನ ಮಗಳು ಏಳನೇ ಕ್ಲಾಸು. ಅಮ್ಮನ ಫೋನಿನಲ್ಲಿ ಹಿತ್ತಲಕಟ್ಟೆಗೆ ಹೋಗಿದ್ದಾಳೆ. ಓದಿದ್ದು ಒಂದು ಕಡೆಗಿರಲಿ, ಹೆಂಗಸಿನ ಹೆಸರಿಟ್ಟುಕೊಂಡ ಯಾವನೋ ಅವಳಿಗೆ ಗುಟ್ಟಾಗಿ ಬರೆದು ಫೋಟೋ ಕಳಿಸು ಎಂದಿದ್ದಾನೆ. ಹುಡುಗಿ ಹೆದರಿ ಅಮ್ಮನಿಗೆ ತೋರಿಸಿದಳಂತೆ.

ಹೇಳುತ್ತ ಹೇಳುತ್ತ ರೇವಣ್ಣನ ದನಿ ನಡುಗಿತು. ಸಿಸ್ಟರ್ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು. ಆಮೇಲೆ, "ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ಬಾಗಿಲು ತೆಗೆದಿಟ್ಟವಳು ನಾನು. ಬೀಗ ನಾನೇ ಹಾಕ್ತೀನಿ," ಎಂದರು.

ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿಯನ್ನು ಕೇಳಿದರು. ಅಲ್ಲಿ ಅಭಿನಂದನ್ ಎಂಬ ಮೃದು ಮಾತಿನ ಯುವಕನಿದ್ದ. ವೀಡಿಯೊ ಕರೆಯೆಂದು ಸಿಸ್ಟರ್ ನನ್ನ ಬೊಟ್ಟು ತೆಗೆದರು. "ಸಿಂಪಲ್ ಮೇಡಂ," ಎಂದ ಅವನು. "ಒಳಗೆ ಬರೋರು ಕ್ಯಾಮೆರಾಗೆ ಮುಖ ತೋರಿಸಬೇಕು. ಹದಿನೆಂಟು ಆಗಿದೆಯೋ ಇಲ್ವೋ ಅಂತ ಮೆಷಿನ್ನೇ ಹೇಳುತ್ತೆ. ಡೌಟ್ ಬಂದ್ರೆ ಕಾರ್ಡಿನ ಫೋಟೋ ಕೇಳುತ್ತೆ."

ಪರೀಕ್ಷೆಗೆಂದು ಫರ್ಹಾನಾ ನನ್ನೆದುರು ಕೂತಳು. ಇಪ್ಪತ್ತಾರು ವರ್ಷದ, ಪುಟ್ಟ ಆಳು. ನಾನು ಅವಳ ಮುಖವನ್ನು ಇದ್ದದ್ದು ಇದ್ದ ಹಾಗೆ ಕಳಿಸಿಕೊಟ್ಟೆ. ಅವಳು ಪರದೆ ನೋಡಿ ಕಿಸಕ್ಕನೆ ನಕ್ಕಳು.

"ಸಿಸ್ಟರ್, ನನಗೆ ಹದಿನೈದಂತೆ! ನಮ್ಮಮ್ಮಿ ಕೇಳಿದ್ರೆ ಕುಣಿದಾಡ್ತಾರೆ."

ಮೆಷಿನ್ನು ಕಾರ್ಡು ಕೇಳಿತು. ಕಾರ್ಡನ್ನು ನನ್ನೆದುರು ಹಿಡಿಯಲು ಹೋದವಳು ಕೈ ಅರ್ಧಕ್ಕೆ ನಿಲ್ಲಿಸಿದಳು. ನಗು ಹೋಗಿತ್ತು. "ಇದು ಎಲ್ಲಿಗೆ ಹೋಗುತ್ತೆ ಸರ್? ಯಾರು ಇಟ್ಕೊತಾರೆ?"

"ಸೇಫ್ ಆಗಿರುತ್ತೆ ಮೇಡಂ."

"ಎಲ್ಲಿ?"

"ಬೀಗದ ಕೆಲಸ ಬೇರೆ ಕಂಪನಿಯವರದು. ತುಂಬಾ ದೊಡ್ಡವರು. ಸೇಫ್ ಇರುತ್ತೆ."

ಫರ್ಹಾನಾ ಸಿಸ್ಟರ್ ಕಡೆ ನೋಡಿದಳು. ಸಿಸ್ಟರ್ ಕಣ್ಣಲ್ಲಿ ಇನ್ನೂ ರೇವಣ್ಣನ ಮಗಳೇ ಇದ್ದಳು. "ಹಾಕಲಿ ಬಿಡು," ಎಂದರು.

ಬೀಗ ಬಿದ್ದದ್ದು ಒಂದು ಸೋಮವಾರ ಮಧ್ಯಾಹ್ನ.

ಅವತ್ತು ಬೆಳಿಗ್ಗೆ, ಬೀಗ ಬೀಳುವ ಮುಂಚೆ, ಹೊಂಗೆ ಎಂಬವಳು ಬರೆದಿದ್ದಳು. ಸಿಸ್ಟರ್ ಗಟ್ಟಿಯಾಗಿ ಓದಿದರು. 'ಅಕ್ಕ, ಹೆರಿಗೆಯಾಗಿ ವಾರ ಕಳೆದಿದೆ. ಹೋಗುತ್ತಿರುವ ರಕ್ತಕ್ಕೆ ಕೆಟ್ಟ ವಾಸನೆ. ಎರಡು ದಿನದಿಂದ ಜ್ವರ, ಚಳಿ ನಡುಕ. ಅತ್ತೆ ಬಾಣಂತಿಗೆ ಇದೆಲ್ಲ ಇದ್ದದ್ದೇ ಅಂತಾರೆ. ಹೌದಾ?'

ಓದು ನಿಂತಿತು. ಕುರ್ಚಿ ಕಿರ್ ಎಂದಿತು. ಸಿಸ್ಟರ್ ಅಷ್ಟು ವೇಗವಾಗಿ ಕೀಲಿ ಕುಟ್ಟಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. 'ಇದು ಇದ್ದದ್ದೇ ಅಲ್ಲಮ್ಮ. ಒಳಗೆ ನಂಜಾಗಿದೆ. ಈಗಲೇ ಆಸ್ಪತ್ರೆಗೆ ಹೋಗು.' ಕಳಿಸಿ, ಉತ್ತರಕ್ಕೆ ಕಾದರು. ಕಾದದ್ದೇ ಬಂತು. ಮಧ್ಯಾಹ್ನ ಫರ್ಹಾನಾ ಓಡಿಬಂದು ನೋಡಿ ಹೇಳಿದಳು.

"ಅವಳು ಇದನ್ನ ಓದೇ ಇಲ್ಲ ಸಿಸ್ಟರ್. ಬೀಗ ಬಿದ್ದ ಮೇಲೆ ಅದೇ ಹೆಸರಿನಿಂದ ಮೂರು ಸಲ ಬಾಗಿಲು ತಟ್ಟಿದಾಳೆ. ಮುಖ ತೋರಿಸಿದಾಗ ಮೆಷಿನ್ ಚಿಕ್ಕವಳು ಅಂದಿರಬೇಕು, ಕಾರ್ಡ್ ಕೇಳಿದೆ. ಕೊಟ್ಟಿಲ್ಲ. ವಾಪಸ್ ಹೋಗಿದಾಳೆ."

"ಅವಳ ಊರು?"

"ನಮಗೆ ಗೊತ್ತಿಲ್ಲವಲ್ಲ."

ಸಿಸ್ಟರ್ ನನ್ನ ಬೊಟ್ಟು ಕಿತ್ತು ಅಭಿನಂದನ್‌ಗೆ ಕರೆ ಮಾಡಿದರು. ಅವರ ಮುಖ ಆ ದಿನ ಹೇಗಿತ್ತೋ ಹಾಗೇ ಹೇಳುತ್ತೇನೆ. ತುಟಿ ಬಿಗಿದಿತ್ತು, ಕೂದಲು ಕೆದರಿತ್ತು, ಕಣ್ಣು ಮಾತ್ರ ವಾರ್ಡಿನಲ್ಲಿ ನಿಂತ ನರ್ಸಿನ ಕಣ್ಣು.

"ಒಂದು ಗಂಟೆ ಬೀಗ ತೆಗೀರಿ. ಒಬ್ಬ ಬಾಣಂತಿ ಜೀವ ಹೋಗೋ ವಿಚಾರ."

"ಸಾರಿ ಮೇಡಂ, ನಮ್ಮ ಕೈಯಲ್ಲಿಲ್ಲ. ಆ ಕಂಪನಿಗೆ ಬರೆದು ಕೇಳಬೇಕು." ಅವನ ದನಿಯಲ್ಲಿ ನಿಜವಾಗಿಯೂ ಸಂಕಟವಿತ್ತು. "ಒಂದು ಮಾತು ಹೇಳಲಾ? ಮೊದಲಿಂದ ಎಲ್ಲರ ಕಾರ್ಡು ತಗೊಂಡಿದ್ರೆ, ಈಗ ಅವರ ವಿಳಾಸ ನಿಮ್ಮ ಹತ್ರ ಇರ್ತಿತ್ತು. ಆಂಬುಲೆನ್ಸ್ ಕಳಿಸಬಹುದಿತ್ತು."

ಸಿಸ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಮಾತು ನಾಟಿತ್ತು. ಆಮೇಲೆ ನಿಧಾನವಾಗಿ ಹೇಳಿದರು: "ನಿಜ ಅಪ್ಪಾ. ಆದ್ರೆ ವಿಳಾಸ ಕೇಳಿದ್ರೆ ಅವಳು ನನಗೆ ಬರೀತಾನೇ ಇರ್ಲಿಲ್ಲ. ಅವಳಿಗೆ ಜ್ವರ ಅನ್ನೋದೇ ನನಗೆ ಗೊತ್ತಾಗ್ತಿರಲಿಲ್ಲ."

ಕರೆ ಮುಗಿಯಿತು. ಫರ್ಹಾನಾ ಉಗುರು ಕಚ್ಚುತ್ತ ನಿಂತಿದ್ದವಳು ತಟ್ಟನೆ ಮುಂದೆ ಬಾಗಿದಳು. "ಸಿಸ್ಟರ್, ಬೀಗ ಇರೋದು ಒಳಗೆ. ಹೊರಗಿನ ಬೋರ್ಡು, ನಮ್ಮ ಹೆಸರು ಹಾಕಿರೋ ಮೊದಲನೇ ಪುಟ, ಅದು ಎಲ್ಲರಿಗೂ ಕಾಣುತ್ತೆ!"

"ಹಾಗಾದ್ರೆ ಬೋರ್ಡನ್ನೇ ಒರೆಸು."

ಹಿತ್ತಲಕಟ್ಟೆ ಎಂಬ ಹೆಸರು, ಬಣ್ಣದ ಚಿತ್ರ, ಎಲ್ಲ ತೆಗೆದರು. ಅದರ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದನ್ನು ಸಿಸ್ಟರ್ ಮತ್ತೆ ಮತ್ತೆ ಓದಿ ನೋಡಿದರು. 'ಹೊಂಗೆ, ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ, ಇದು ಇದ್ದದ್ದೇ ಅಲ್ಲ. ಇವತ್ತೇ ಹೋಗು, 108ಕ್ಕೆ ಫೋನ್ ಮಾಡು. ಬೆಳಿಗ್ಗೆ ನನಗೆ ಬರೆದದ್ದನ್ನೇ ಅವರಿಗೆ ಹೇಳು. ಯಾರು ಬೇಡವೆಂದರೂ ಹೋಗು.' ಅವಳ ರೋಗದ ಹೆಸರಾಗಲಿ, ಬಾಣಂತಿ ಎಂಬ ಮಾತಾಗಲಿ ಅದರಲ್ಲಿ ಇರಲಿಲ್ಲ. ಫೋನು ಯಾರ ಕೈಯಲ್ಲಿರುತ್ತದೋ ಯಾರು ಬಲ್ಲರು, ಎಂದರು ಸಿಸ್ಟರ್.

ಆಮೇಲೆ ಕಾಯುವುದು ಬಿಟ್ಟು ಬೇರೇನೂ ಉಳಿಯಲಿಲ್ಲ. ಆ ವಾರ ನನ್ನ ಬೊಟ್ಟು ತೆಗೆದದ್ದು ತೆಗೆದ ಹಾಗೇ ಇತ್ತು, ಮತ್ತೆ ಅಂಟಿಸಲು ಅವರಿಗೆ ನೆನಪಿರಲಿಲ್ಲ. ಸಿಸ್ಟರ್ ಬಂದು ಕೂರುವುದು, ಪರದೆ ನೋಡುವುದು, ಎದ್ದು ಹೋಗುವುದು ನನಗೆ ಕಾಣುತ್ತಿತ್ತು. ಹಿತ್ತಲಕಟ್ಟೆ ಭಣಗುಟ್ಟುತ್ತಿತ್ತು. ಕಾರ್ಡು ಕೊಟ್ಟು ಒಳಗೆ ಬಂದವರು ಬೆರಳೆಣಿಕೆಯಷ್ಟು ಜನ, ಅವರೂ ಬರೆದದ್ದು ತಲೆಗೂದಲು ಉದುರುವ ವಿಚಾರ. ನೋವಿದ್ದವರು ಬಾಗಿಲ ಹತ್ತಿರ ಬಂದು ಹಿಂದಿರುಗುತ್ತಿದ್ದರು.

ಹಾಗಿರುವಾಗ ರೇವಣ್ಣ ಬಂದ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಬೀಗ ಹಾಕಿಸಿದ್ದಕ್ಕೆ ಧನ್ಯವಾದ ಹೇಳಲು ಬಂದವನು ಸಿಸ್ಟರ್ ಮುಖ ನೋಡಿ ಕಂಗಾಲಾದ. ಅವರು ಎಲ್ಲ ಹೇಳಿದರು. ಅವನು ತಲೆ ತಗ್ಗಿಸಿ ಕೂತ.

"ನನ್ನಿಂದ ಆಯ್ತಲ್ಲ ಸಿಸ್ಟರ್."

"ನಿಮ್ಮಿಂದ ಅಲ್ಲ. ನಿಮ್ಮ ಭಯ ಸರಿಯಾಗೇ ಇತ್ತು, ನಾನು ಹಾಕಿಸಿದ ಬೀಗ ಸರಿ ಇರ್ಲಿಲ್ಲ." ಕಾಫಿ ಲೋಟ ಕೊಡುತ್ತ ಅವರು ಏನೋ ಹೊಳೆದವರಂತೆ ನಿಂತರು. "ರೇವಣ್ಣ, ಮಕ್ಕಳಿಗೆ ಅರ್ಧ ಟಿಕೆಟ್ ಹರೀತೀರಲ್ಲ, ಏನು ನೋಡ್ತೀರಿ?"

"ಮುಖ, ಎತ್ತರ. ಅನುಮಾನ ಬಂದ್ರೆ ತಾಯಿನ ಕೇಳ್ತೀವಿ."

"ಹೆಸರು ಬರ್ಕೊತೀರಾ?"

"ಟಿಕೆಟ್ಟಿಗೆ ಹೆಸರ್ಯಾಕೆ ಸಿಸ್ಟರ್? ಈಗ ಹೆಂಗಸರ ಕಾರ್ಡು ನೋಡಿ ಫ್ರೀ ಟಿಕೆಟ್ ಕೊಡ್ತೀವಿ, ಅದನ್ನೂ ನೋಡಿ ವಾಪಸ್ ಕೈಗೆ ಕೊಡ್ತೀವಿ. ಇಟ್ಕೊಂಡ್ರೆ ಸುಮ್ನೆ ಬಿಡ್ತಾರಾ? ಬಸ್ಸಲ್ಲೇ ಗ್ರಹಚಾರ ಬಿಡಿಸ್ತಾರೆ."

ಸಿಸ್ಟರ್ ನಕ್ಕರು. ಆ ವಾರದಲ್ಲಿ ಮೊದಲ ಸಲ. ಫರ್ಹಾನಾಳಿಗೆ ಅಲ್ಲೇ ಫೋನ್ ಮಾಡಿದರು.

ಮುಂದಿನ ದಿನಗಳಲ್ಲಿ ನಮ್ಮ ಹಜಾರ ಪ್ರೆಸ್ಸಿನಂತಾಯಿತು. ಫರ್ಹಾನಾ ಪುಟ್ಟ ಪುಟ್ಟ ಚೀಟಿಗಳನ್ನು ಮುದ್ರಿಸಿದಳು. ಒಂದೊಂದರ ಮೇಲೂ ಬೇರೆ ಬೇರೆ ಸಂಕೇತ, ಅಷ್ಟೇ. ಅವನ್ನು ಮಡಚಿ ಸ್ಟೀಲ್ ಡಬ್ಬಿಗಳಿಗೆ ತುಂಬಿದರು. ಡಬ್ಬಿಗಳು ಹೋದದ್ದು ಹೆಂಗಸರು ಯಾರ ಅಪ್ಪಣೆಯೂ ಇಲ್ಲದೆ ಹೋಗಬಹುದಾದ ಜಾಗಗಳಿಗೆ. ಬಳೆ ಅಂಗಡಿ, ಬ್ಲೌಸ್ ಹೊಲಿಯುವವರ ಮನೆ, ಅಂಗನವಾಡಿ. ಡಬ್ಬಿ ಇಟ್ಟುಕೊಂಡಾಕೆ ಮಾಡಬೇಕಾದದ್ದು ಇಷ್ಟೇ. ಬಂದವಳು ದೊಡ್ಡವಳೇ ಎಂದು ಕಣ್ಣಿಂದ ನೋಡುವುದು. ಅನುಮಾನ ಬಂದರೆ ಕಾರ್ಡು ನೋಡಿ ತಕ್ಷಣ ವಾಪಸ್ ಕೊಡುವುದು. ಡಬ್ಬಿ ಮುಂದೆ ಮಾಡುವುದು. ಚೀಟಿಯನ್ನು ಬಂದವಳೇ ಕೈ ಹಾಕಿ ಎತ್ತಿಕೊಳ್ಳಬೇಕು. ಅದರ ಸಂಕೇತವನ್ನು ಹಿತ್ತಲಕಟ್ಟೆಯಲ್ಲಿ ಒತ್ತಿದರೆ, ಒಂದು ಚೀಟಿಗೆ ಒಂದೇ ಸಲ ಬಾಗಿಲು ತೆರೆದು, ಒಂದು ಹೆಸರು ಒಳಗೆ ಸೇರುತ್ತದೆ.

"ಬಳೆ ಅಂಗಡಿಯವರಿಗೆ ಮುಖ ಗೊತ್ತು, ಚೀಟಿ ಯಾವುದು ಅಂತ ಗೊತ್ತಿಲ್ಲ," ಎಂದು ಫರ್ಹಾನಾ ರೇವಣ್ಣನಿಗೆ ವಿವರಿಸಿದಳು. "ನಮಗೆ ಚೀಟಿ ಗೊತ್ತು, ಮುಖ ಗೊತ್ತಿಲ್ಲ. ಎರಡನ್ನೂ ಕೂಡಿಸೋಕೆ ಯಾರಿಗೂ ಆಗಲ್ಲ. ನನಗೂ ಆಗಲ್ಲ, ಸಿಸ್ಟರಿಗೂ ಆಗಲ್ಲ."

"ಯಾರಾದ್ರೂ ಚೀಟಿ ತಗೊಂಡು ಮಗಳಿಗೆ ಕೊಟ್ರೆ?" ಎಂದ ರೇವಣ್ಣ, ಕಂಡಕ್ಟರ್ ಬುದ್ಧಿ ಬಿಡದೆ.

"ಕೊಡಬಹುದು," ಎಂದರು ಸಿಸ್ಟರ್. "ಮೆಷಿನ್ನಿಗೂ ಅಮ್ಮನ ಮುಖ ತೋರಿಸಿ ಮಗಳು ಒಳಗೆ ಬರಬಹುದು. ಅದಕ್ಕೇ ಗುಟ್ಟಾಗಿ ಬರೆಯೋ ದಾರೀನೇ ಮುಚ್ಚಿಬಿಟ್ವಿ. ಇಲ್ಲಿ ಇನ್ಮೇಲೆ ಯಾರೂ ಯಾರಿಗೂ ಕದ್ದು ಬರೆಯೋ ಹಾಗಿಲ್ಲ. ಚಿಕ್ಕ ಹೆಣ್ಣುಮಕ್ಕಳಿಗೆ ಬೇರೆ ಜಗಲಿ ಮಾಡ್ತಿದೀನಿ, ಅಲ್ಲಿ ಉತ್ತರ ನಾನೊಬ್ಬಳೇ ಬರೆಯೋದು. ಮಿಕ್ಕಿದ್ದು ನಿಮ್ಮ ಮನೆ ಕೆಲಸ."

ರೇವಣ್ಣ ಮಗಳ ಕೈಗೆ ಹೋಗುವ ಫೋನಿಗೆ ತಾನೇ ಮಕ್ಕಳ ಬೀಗ ಹಾಕಿದ. ಹಾಕುವುದನ್ನು ಫರ್ಹಾನಾಳಿಂದ ಕಲಿತ, ಯಾಕೆ ಹಾಕಿದೆನೆಂದು ಮಗಳಿಗೂ ಕೂರಿಸಿ ಹೇಳಿದ. ಅವನ ಹೆಂಡತಿ ತಮ್ಮ ಬೀದಿಯ ಡಬ್ಬಿಯನ್ನು ವಹಿಸಿಕೊಂಡಳು.

ಕಂಪನಿ ಚೀಟಿಯನ್ನು ಒಪ್ಪಲಿಲ್ಲ. ಅಭಿನಂದನ್ ಕೊನೆಯ ಕರೆಯಲ್ಲಿ, "ಐಡಿಯಾ ಚೆನ್ನಾಗಿದೆ ಮೇಡಂ, ಆದ್ರೆ ಮೇಲಿನವರಿಗೆ ಮೆಷಿನ್ನೇ ಬೇಕು," ಎಂದ. "ಅವರಿಗೆ ಮೆಷಿನ್ ಇರಲಿ, ನಮಗೆ ಜನ ಇದಾರೆ," ಎಂದರು ಸಿಸ್ಟರ್. ಹಿತ್ತಲಕಟ್ಟೆ ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ಸಣ್ಣ ಜಾಗಕ್ಕೆ ಹೋಯಿತು. ಕೆಲವು ತಿಂಗಳಿಗೆ, ಆ ದೊಡ್ಡ ಬೀಗದ ಕಂಪನಿಯಲ್ಲೇ ಕಳ್ಳತನವಾಗಿ ಸಾವಿರಾರು ಜನರ ಮುಖ, ಕಾರ್ಡು ಬೀದಿಗೆ ಬಿದ್ದವೆಂಬ ಸುದ್ದಿಯನ್ನು ಸಿಸ್ಟರ್ ಪೇಪರಿನಲ್ಲಿ ಓದಿದರು. ಗೆದ್ದೆ ಎಂದು ಅವರು ಹಿಗ್ಗಲಿಲ್ಲ. "ಪಾಪ, ಯಾರ ಯಾರ ಮನೆಮಕ್ಕಳೋ," ಎಂದು ಪೇಪರ್ ಮಡಚಿಟ್ಟರು.

ಚೀಟಿಗಳು ಖರ್ಚಾಗತೊಡಗಿದವು. ದಾಸವಾಳ ವಾಪಸ್ ಬಂದಳು, ಕರಿಮಣಿ ಬಂದಳು. ಹೊಸ ಹೆಸರುಗಳು ಬಂದವು. ಒಂದು ಬೆಳಿಗ್ಗೆ ಸಿಸ್ಟರ್ ಓದುತ್ತಿದ್ದವರು ಫರ್ಹಾನಾಳನ್ನು ಹತ್ತಿರ ಕರೆದು ಮೊದಲಿನಿಂದ ಓದಿದರು.

'ಅಕ್ಕ, ಹಳೇ ಹೆಸರು ಬಿಟ್ಟಿದ್ದೇನೆ. ಅವತ್ತು ಫೋನಿನಲ್ಲಿ ನಿಮ್ಮ ಬೋರ್ಡನ್ನು ನನ್ನ ಗಂಡನೇ ನೋಡಿ, ಯಾರೋ ಹೊಂಗೆಯಂತೆ, ಪಾಪ, ಅಂತ ನನಗೆ ಓದಿ ಹೇಳಿದರು. ಅದು ನಾನೇ ಅಂದೆ. ಅತ್ತೆ ಬೇಡವೆಂದರೂ ಅವರೇ ಎತ್ತಿಕೊಂಡು ಹೋದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಈಗ ಮಗು ಮಗ್ಗುಲಾಗುತ್ತದೆ.'

ಫರ್ಹಾನಾ ಚಪ್ಪಾಳೆ ತಟ್ಟಿದಳು, ಆಮೇಲೆ ಮೂಗು ಒರೆಸಿಕೊಂಡಳು. "ಸಿಸ್ಟರ್, ಕಷ್ಟಪಟ್ಟು ಹುಡುಕಿದ್ರೆ ಯಾವ ಊರಿನ ಕಡೆಯಿಂದ ಬರೆದಿದಾಳೆ ಅಂತ ಅಂದಾಜು ಸಿಗಬಹುದು. ನೋಡಲಾ? ಹೋಗಿ ಮಗುನ ನೋಡ್ಕೊಂಡು ಬರೋಣ."

ಸಿಸ್ಟರಿಗೆ ಆಸೆಯಾಯಿತು. ಅದು ನನಗೆ ಗೊತ್ತು, ಅವತ್ತು ನನ್ನ ಕಣ್ಣು ತೆರೆದಿತ್ತು. ಆ ಮಗುವನ್ನು ಎತ್ತಿಕೊಂಡವರ ಹಾಗೆ ಅವರ ಎರಡು ಕೈಯೂ ಮಡಿಲಿಗೆ ಬಂದಿದ್ದವು.

"ಬೇಡ," ಎಂದರು. "ಬದುಕಿದಾಳೆ ಅಂತ ಗೊತ್ತಾಯ್ತಲ್ಲ. ಹುಡುಕೋ ದಾರಿ ಇನ್ನೂ ಉಳಿದಿದ್ರೆ ಅದನ್ನೂ ಮುಚ್ಚು." ಎದ್ದು ಹೋಗಿ ಒಲೆ ಮೇಲೆ ಪಾಯಸಕ್ಕಿಟ್ಟರು.

ಅದೆಲ್ಲ ಆಗಿ ವರ್ಷಗಳೇ ಕಳೆದವು. ಕಡೂರಿನಿಂದ ಕುಡಿತ ಬಿಡಲು ಹೆಣಗುವವರ ಗುಂಪೊಂದು ಬಂದು ಡಬ್ಬಿಯ ಕ್ರಮ ಕಲಿತುಕೊಂಡು ಹೋಯಿತು. ಸಿಸ್ಟರಿಗೆ ಕಣ್ಣಿನ ಪೊರೆ ತೆಗೆಸಿದರು. ನನ್ನ ಕಣ್ಣಿಗೆ ಬಂದ ಪೊರೆ ತೆಗೆಯುವವರಿಲ್ಲ, ಎಲ್ಲರ ಮುಖವೂ ಅರಿಶಿನ ಹಚ್ಚಿದಂತೆ ಕಾಣತೊಡಗಿತು. ಕ್ಲಿಪ್ಪು ಮುರಿದು ರಬ್ಬರ್ ಬ್ಯಾಂಡಿನಲ್ಲಿ ನಿಂತೆ. ಕೊನೆಗೆ ಮನೆಗೆ ಹೊಸ ಲ್ಯಾಪ್‌ಟಾಪ್ ಬಂತು, ಅದಕ್ಕೆ ಹುಟ್ಟಿನಿಂದಲೇ ಕಣ್ಣಿದೆ. ನನ್ನನ್ನು ಫರ್ಹಾನಾ ತನ್ನ ಹೈಸ್ಕೂಲಿಗೆ ಕೊಂಡುಹೋದಳು.

ಈಗ ನಾನು ಅಲ್ಲಿನ ಲ್ಯಾಬಿನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದ್ದೇನೆ. ಗಾಜು ಒಂದು ಕಡೆ, ಒಳಗಿನ ಹಸಿರು ಸರ್ಕ್ಯೂಟ್ ಹಲಗೆ ಒಂದು ಕಡೆ, ಬಾಲ ಇನ್ನೊಂದು ಕಡೆ. ಪ್ರತಿ ವರ್ಷ ಹೊಸ ತರಗತಿ ಬಂದು ನನ್ನನ್ನು ಮುಟ್ಟಿ ನೋಡುತ್ತದೆ. ನನಗೇನೂ ಬೇಸರವಿಲ್ಲ. ಸಾವಿರಾರು ಮುಖ ನೋಡಿದವನಿಗೆ, ತನ್ನ ಒಳಗನ್ನು ನಾಲ್ಕು ಜನ ನೋಡಿದರೆ ನಾಚಿಕೆ ಏನು?

ನಿನ್ನೆ ಎರಡು ಜಡೆಯ ಹುಡುಗಿಯೊಬ್ಬಳು ನನ್ನ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು.

"ಮಿಸ್, ಇದರಲ್ಲಿ ಏನೂ ಇಟ್ಕೊಳ್ಳೋಕೆ ಜಾಗಾನೇ ಇಲ್ಲ. ನೋಡಿದ್ದೆಲ್ಲ ಎಲ್ಲಿಗೆ ಹೋಯ್ತು?"

"ಯಾರು ನೋಡೋಕೆ ಹೇಳಿದ್ರೋ ಅವರ ಹತ್ರ."

ಹುಡುಗಿ ಯೋಚಿಸಿದಳು. "ಹಂಗಾದ್ರೆ ಇನ್ಮೇಲೆ ಯಾರಾದ್ರೂ ಮುಖ ತೋರಿಸು ಅಂದ್ರೆ, ಕ್ಯಾಮೆರಾಗೆ ಹೆದರೋದಲ್ಲ. ಅವರ್ಯಾರು ಅಂತ ನಾನೂ ಕೇಳ್ತೀನಿ. ಕೇಳಬಹುದಾ ಮಿಸ್?"

"ಕೇಳಬಹುದಾ ಏನು," ಎಂದಳು ಫರ್ಹಾನಾ. "ಕೇಳಲೇಬೇಕು. ಉತ್ತರ ಬರೋ ತನಕ ತೋರಿಸಬೇಡ."

ಹುಡುಗಿ ತಲೆಯಾಡಿಸಿ ನನ್ನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಗಂಟೆ ಬಾರಿಸಿತೆಂದು ಓಡಿದಳು.